ಹಚ್ಚಿಕೊಂಡವರು

ಹೋದ ಜೂನ್‌ನಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಿಫಾರಸು ಪತ್ರ ಬರೆಸಿಕೊಳ್ಳಲು ಬಂದಿದ್ದಳು. ಗುಡೇಕೋಟೆ ಕಡೆಯ ಹಳ್ಳಿಯವಳು. ಮೂರು ವರ್ಷ ದಿನಾ ಬೆಳಗಿನ ಬಸ್ಸಿಗೆ ಕೂಡ್ಲಿಗಿಗೆ ಬಂದು ಬಿಎ ಮುಗಿಸಿದ್ದಳು. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಎಂಎ ಓದಲು ಅರ್ಜಿ ಹಾಕಿದ್ದಳು. ಅವರು ಇಬ್ಬರು ಅಧ್ಯಾಪಕರ ಪತ್ರ ಕೇಳಿದ್ದರು. ನಾನು ಇಂಗ್ಲಿಷ್ ಪಾಠ ಮಾಡುವವಳಾದ್ದರಿಂದ ಒಂದು ಪತ್ರ ನನ್ನ ಪಾಲಿಗೆ ಬಂತು.

ಹದಿನೈದು ವರ್ಷದಿಂದ ಇಂಥ ಪತ್ರ ಬರೆಯುತ್ತಿದ್ದೇನೆ. ಕೈಗೆ ಒಂದು ರೂಢಿ ಬಿದ್ದಿದೆ. ಮೊದಲ ಪ್ಯಾರಾ ಅಂಕಗಳದ್ದು, ಎರಡನೆಯದು ನಡತೆಯದು. ಎರಡನೆಯದರ ಕೊನೆಯಲ್ಲಿ ಒಂದು ಸಾಲು ತಾನಾಗಿಯೇ ಬಂದು ಕೂರುತ್ತದೆ: ಷಿ ಹ್ಯಾಸ್ ಎಂಡಿಯರ್ಡ್ ಹರ್‌ಸೆಲ್ಫ್ ಟು ಆಲ್. ಪ್ರಿಂಟು ತೆಗೆದು ಕೊಟ್ಟೆ. ಅವಳು ನಿಂತುಕೊಂಡೇ ಪೂರ್ತಿ ಓದಿದಳು. ಆಮೇಲೆ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು.

"ಮೇಡಂ, ಇದರಾಗೆ ನಾನು ಏನು ಮಾಡೀನಿ ಅಂತ ಬರೆದೀರಿ?"

"ಎಲ್ಲರ ಪ್ರೀತಿ ಗಳಿಸಿದ್ದೀ ಅಂತ. ಎಲ್ಲರಿಗೂ ಇಷ್ಟ ಆಗೋ ಹಂಗ ಮಾಡ್ಕೊಂಡಿದ್ದೀ ಅಂತ."

"ನಾನೇನೂ ಮಾಡಿಲ್ಲಲ್ರೀ. ಬರ್ತಿದ್ದೆ, ಕುಂದರ್ತಿದ್ದೆ, ಬಸ್ಸಿಗೆ ಹೊತ್ತಾತು ಅಂತ ಹೋಗ್ತಿದ್ದೆ." ಸ್ವಲ್ಪ ತಡೆದು, "ಇದನ್ನ ಓದಿದವರು ಈ ಹುಡುಗಿ ಎಲ್ಲರಿಗೂ ಬೆಣ್ಣೆ ಹಚ್ಚತಿದ್ಲು ಅಂತ ತಿಳ್ಕಳಲ್ಲೇನ್ರೀ?"

ನಕ್ಕೆ. ಹಾಗೆ ಯಾರೂ ತಿಳಿಯುವುದಿಲ್ಲ, ಇದು ಹೊಗಳಿಕೆಯ ಮಾತು ಅಂದೆ. ಅವಳು ತಲೆಯಾಡಿಸಿದಳು, ಮುಖದಲ್ಲಿ ಒಪ್ಪಿಗೆ ಇರಲಿಲ್ಲ. ನಾಳೆ ಸಹಿ ಮಾಡಿ ಕೊಡುತ್ತೇನೆ ಎಂದು ಕಳಿಸಿದೆ. ಆದರೆ ಅವಳು ಕೇಳಿದ್ದು ತಪ್ಪಾಗಿರಲಿಲ್ಲ ಎಂದು ಮನೆಗೆ ಹೋಗುವ ದಾರಿಯಲ್ಲಿ ಅನ್ನಿಸತೊಡಗಿತು.

ಆ ಕ್ರಿಯಾಪದವನ್ನು ಸ್ವಲ್ಪ ಬಿಚ್ಚಿ ನೋಡೋಣ. ಡಿಯರ್ ಎಂದರೆ ಪ್ರಿಯ. ಅದರ ಹಿಂದೆ ಎನ್ ಎಂಬ ಉಪಸರ್ಗ ಸೇರಿಸಿದರೆ ಎಂಡಿಯರ್, ಅಂದರೆ ಪ್ರಿಯವಾಗುವಂತೆ ಮಾಡು. ರಿಚ್‌ನಿಂದ ಎನ್‌ರಿಚ್, ಲಾರ್ಜ್‌ನಿಂದ ಎನ್‌ಲಾರ್ಜ್ ಆದ ಹಾಗೆಯೇ. ಇದು ಒಂಟಿಯಾಗಿ ನಿಲ್ಲುವ ಪದವಲ್ಲ. ಮಾಡುವುದು ಒಂದು, ಪ್ರಿಯವಾಗುವುದು ಇನ್ನೊಂದು, ಯಾರಿಗೆ ಪ್ರಿಯ ಎಂಬುದು ಮತ್ತೊಂದು, ಹೀಗೆ ಮೂವರು ಬೇಕು. ಆ ಮೂರನೆಯವರ ಹಿಂದೆ ಟು ಬರಲೇಬೇಕು. ವಿದ್ಯಾರ್ಥಿಗಳು ಇದನ್ನು ಲವ್ ಎಂಬಂತೆ ಬಳಸಿ, ನಾನು ಅವಳನ್ನು ಎಂಡಿಯರ್ ಮಾಡುತ್ತೇನೆ, ಅಂದರೆ ಪ್ರೀತಿಸುತ್ತೇನೆ ಎಂಬ ಅರ್ಥದಲ್ಲಿ ಬರೆಯುತ್ತಾರೆ. ಅದು ತಪ್ಪು. ಪ್ರೀತಿಸುವವರು ಈ ಕ್ರಿಯಾಪದದ ಕರ್ತೃ ಅಲ್ಲ. ಅವರು ವಾಕ್ಯದ ಕೊನೆಯಲ್ಲಿ, ಟು ಆದಮೇಲೆ, ಸುಮ್ಮನೆ ಕೂತಿರುತ್ತಾರೆ.

ಕರ್ತೃವಿನ ಜಾಗದಲ್ಲಿ ಸಾಮಾನ್ಯವಾಗಿ ಎರಡು ಬಗೆಯವರು ಬರುತ್ತಾರೆ. ಒಂದು, ವ್ಯಕ್ತಿಯೇ ಬರುವುದು: ಆತ ತನ್ನನ್ನು ತಾನು ಜನರಿಗೆ ಪ್ರಿಯನಾಗಿಸಿಕೊಂಡ. ನಾನು ಪತ್ರದಲ್ಲಿ ಬರೆದದ್ದು ಇದನ್ನು. ಇನ್ನೊಂದು, ವ್ಯಕ್ತಿಯ ಒಂದು ಗುಣವೋ, ನಡೆಯೋ, ಚಾಳಿಯೋ ಬರುವುದು: ಅವಳ ನೇರ ಮಾತು ಅವಳನ್ನು ಎಲ್ಲರಿಗೂ ಪ್ರಿಯಳನ್ನಾಗಿಸಿತು. ಮೊದಲನೆಯದರಲ್ಲಿ ಒಂದು ಪ್ರಯತ್ನದ ವಾಸನೆ ಇದೆ. ಎರಡನೆಯದರಲ್ಲಿ ಆ ವ್ಯಕ್ತಿಗೆ ಏನು ನಡೆಯುತ್ತಿದೆ ಎಂಬುದೇ ಗೊತ್ತಿರಬೇಕಾಗಿಲ್ಲ. ಇಂಗ್ಲಿಷಿನವರು ಇದನ್ನು ನಿಷೇಧದಲ್ಲೂ ಧಾರಾಳವಾಗಿ ಬಳಸುತ್ತಾರೆ. ದಿನಾ ತಡವಾಗಿ ಬರುವುದು ಅವನನ್ನು ಮೇಲಧಿಕಾರಿಗೇನೂ ಪ್ರಿಯನನ್ನಾಗಿಸಲಿಲ್ಲ ಎಂದರೆ, ಮೇಲಧಿಕಾರಿ ಸಿಟ್ಟಾಗಿದ್ದ ಎಂದೇ ಅರ್ಥ. ಅವರೇನು ಆರತಿ ಎತ್ತಿ ಕರಕೊಳ್ಳಲಿಲ್ಲ ಎಂದು ನಮ್ಮಲ್ಲಿ ಹೇಳುವ ಧಾಟಿ ಅದು.

ಡಿಯರ್‌ಗೆ ತುಟ್ಟಿ ಎಂಬ ಅರ್ಥವೂ ಇದೆ. ಶೇಕ್ಸ್‌ಪಿಯರನ ಕಾಲದಲ್ಲಿ ಎಂಡಿಯರ್ ಎಂದರೆ ಬೆಲೆ ಏರಿಸು ಎಂದೂ ಆಗುತ್ತಿತ್ತು. ಲಗ್ನದ ಸುಗ್ಗಿಯಲ್ಲಿ ಹೂವಿನಹಡಗಲಿಯ ಮಲ್ಲಿಗೆ ತುಟ್ಟಿಯಾಗುತ್ತದಲ್ಲ, ಆ ತುಟ್ಟಿ. ಈಗ ಆ ಅರ್ಥ ಬಿದ್ದುಹೋಗಿದೆ, ಪ್ರೀತಿಯೊಂದೇ ಉಳಿದಿದೆ. ಆದರೂ ತನ್ನನ್ನು ತಾನು ಎಂಡಿಯರ್ ಮಾಡಿಕೊಂಡ ಎಂಬಲ್ಲಿ ಆ ಹಳೆಯ ಅಂಗಡಿಯ ನೆರಳು ಇನ್ನೂ ಸ್ವಲ್ಪ ಇದೆ ಎಂದು ನನಗೆ ಅನುಮಾನ.

ಇದಕ್ಕೆ ಕನ್ನಡದಲ್ಲಿ ಏನು ಹೇಳುವುದು? ಈ ಕಷ್ಟ ನನ್ನೊಬ್ಬಳದಲ್ಲ. ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳೆಲ್ಲ 1953ರ ವರೆಗೆ ಬಳ್ಳಾರಿ ಜಿಲ್ಲೆಯ ಜೊತೆ ಮದರಾಸಿಗೆ ಸೇರಿದ್ದವು. ಅದಕ್ಕೂ ಬಹಳ ಮೊದಲು ಬಳ್ಳಾರಿಯ ಲಂಡನ್ ಮಿಷನ್‌ನಲ್ಲಿದ್ದ ವಿಲಿಯಂ ರೀವ್ ಎಂಬ ಪಾದ್ರಿ ಇಂಗ್ಲಿಷ್ ಪದಗಳಿಗೆ ಕನ್ನಡದ ಪದ ಹುಡುಕುತ್ತಾ ಕೂತಿದ್ದ. ಅವನ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲೂ, ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲೂ ಬಂದವು. ಕಿಟೆಲ್‌ರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಇನ್ನೂರು ವರ್ಷದ ಹಿಂದೆ ನಮ್ಮ ಬಿಸಿಲಿನಲ್ಲೇ ಒಬ್ಬ ಮನುಷ್ಯ ಈ ಕೆಲಸ ಮಾಡಿದ್ದ ಎಂಬುದು ಪಾಠ ಮಾಡುವಾಗ ನನಗೊಂದು ಸಮಾಧಾನ.

ಮೊದಲು ನೆನಪಾಗುವುದು ಒಲಿ, ಒಲಿಸು. ವಚನಕಾರರಿಗೆ ಬಲು ಬೇಕಾದ ಪದ ಇದು. ದೇವರು ಭಕ್ತನಿಗೆ ಒಲಿಯುತ್ತಾನೆ, ಭಕ್ತ ದೇವರನ್ನು ಒಲಿಸಿಕೊಳ್ಳುತ್ತಾನೆ. ಇಲ್ಲಿ ದಿಕ್ಕು ಗಮನಿಸಿ. ಇಂಗ್ಲಿಷಿನಲ್ಲಿ ಭಕ್ತ ತನ್ನನ್ನೇ ತಿದ್ದಿ ತೀಡಿ ದೇವರ ಮುಂದೆ ಇಡುತ್ತಾನೆ. ಕನ್ನಡದಲ್ಲಿ ಅವನು ದೇವರ ಮನಸ್ಸಿಗೇ ಕೈಹಾಕುತ್ತಾನೆ. ಒಲಿಸುವುದು ತನ್ನನ್ನಲ್ಲ, ಎದುರಿಗಿರುವವರನ್ನು. ಒಲಿಯುವ ಅಧಿಕಾರ ಮಾತ್ರ ಕೊನೆಯವರೆಗೂ ಆ ಎದುರಿನವರದ್ದೇ. ಅದಕ್ಕೇ ನಾವು ಸಂಗೀತ ಅವಳಿಗೆ ಒಲಿಯಿತು, ವಿದ್ಯೆ ಇವನಿಗೆ ಒಲಿಯಲಿಲ್ಲ ಎನ್ನುತ್ತೇವೆ. ಕಲಿತವರು ಪ್ರಾಣ ಕೊಟ್ಟು ಕಲಿತಿರುತ್ತಾರೆ, ಆದರೆ ವಾಕ್ಯ ಸಂಗೀತದ್ದು.

ಉಳಿದ ಪದಗಳನ್ನು ನೋಡಿ. ಓಲೈಸು ಎಂದರೆ ಇವತ್ತು ಚುನಾವಣೆಯ ಮಾತಾಗಿದೆ. ರಮಿಸು ಎಂದರೆ ಅಳುವ ಮಗುವನ್ನು ಸುಮ್ಮನಾಗಿಸುವುದು. ಮರುಳು ಮಾಡು ಎಂದರೆ ಅರ್ಧ ಮೋಸ. ಕೊಟ್ಟೂರಿನ ಪಕ್ಕದ ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರನ ಗುಡಿ ಇದೆ. ಅಲ್ಲಿ ಮರುಳ ಎಂಬುದು ಪೂಜ್ಯ ಹೆಸರು, ಅದೇ ಪದ ಸಂತೆಯಲ್ಲಿ ಬಂದರೆ ಜೇಬು ಮುಟ್ಟಿ ನೋಡಿಕೊಳ್ಳುತ್ತೇವೆ. ಬೆಣ್ಣೆ ಹಚ್ಚು, ಮಸ್ಕಾ ಹೊಡಿ ಅಂತೂ ಬಿಡಿ. ಪ್ರೀತಿ ಗಳಿಸಲು ಮಾಡುವ ಪ್ರಯತ್ನಕ್ಕೆ ನಮ್ಮ ಆಡುಮಾತಿನಲ್ಲಿರುವ ಪದಗಳಲ್ಲಿ ಹೆಚ್ಚಿನವಕ್ಕೆ ಇಷ್ಟೊಂದು ಅನುಮಾನ ಮೆತ್ತಿಕೊಂಡಿದೆ. ಬೆಣ್ಣೆ ಹಚ್ಚಿದ ಹಾಗಾಯಿತು ಎಂದು ಆ ಹುಡುಗಿ ಹೆದರಿದ್ದು ಸುಮ್ಮನೆ ಅಲ್ಲ. ಅವಳು ಇಂಗ್ಲಿಷ್ ವಾಕ್ಯವನ್ನು ಕನ್ನಡದ ಕಿವಿಯಿಂದ ಕೇಳಿದ್ದಳು.

ಬೀಳ್ಕೊಡುಗೆ ಸಭೆಗಳಲ್ಲಿ ಮಾತ್ರ ನಮ್ಮವರು ಒಂದು ಉಪಾಯ ಕಂಡುಕೊಂಡಿದ್ದಾರೆ: ಸರ್ವರ ಪ್ರೀತಿಗೆ ಪಾತ್ರರಾಗಿದ್ದಾರೆ. ಪಾತ್ರ ಎಂದರೆ ಪಾತ್ರೆಯೇ. ಇದರಲ್ಲಿ ಆ ಮನುಷ್ಯ ಏನೂ ಮಾಡುವುದಿಲ್ಲ. ಸುರಿಯುವವರು ಸುರಿಯುತ್ತಾರೆ, ಆತ ಹಿಡಿದುಕೊಳ್ಳುತ್ತಾನೆ.

ಗುಣವೇ ಕರ್ತೃವಾಗುವ ಆ ಎರಡನೆಯ ಬಗೆಯನ್ನು ತರಗತಿಯಲ್ಲಿ ವಿವರಿಸುವಾಗ ನಾನು ನಮ್ಮ ಹರಪನಹಳ್ಳಿಯ ಬೀಚಿಯವರನ್ನು ಕರೆತರುತ್ತೇನೆ. ರಾಯಸಂ ಭೀಮಸೇನರಾಯರು 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದವರು. ಮೊದಲಿಗೆ ಕನ್ನಡ ಪುಸ್ತಕಗಳ ಬಗ್ಗೆ ಅವರಿಗೆ ಅಷ್ಟೇನೂ ಒಲವಿರಲಿಲ್ಲ. ಅನಕೃ ಅವರ 'ಸಂಧ್ಯಾರಾಗ' ಓದಿದ ಮೇಲೆ ಮನಸ್ಸು ತಿರುಗಿತು. ಮುಂದೆ ತಿಂಮನನ್ನು ಹುಟ್ಟಿಸಿದರು, 'ತಿಂಮಿಕ್ಷನರಿ' ಎಂದು ನಿಘಂಟಿನ ಹೆಸರನ್ನೇ ತಿರುಚಿ ನಗಿಸಿದರು, ಆತ್ಮಕಥೆಗೆ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟರು. ಈ ಇಡೀ ಕತೆಯನ್ನು ನಮ್ಮ ಕ್ರಿಯಾಪದ ಒಂದೇ ಸಾಲಿನಲ್ಲಿ ಹಿಡಿಯುತ್ತದೆ: 'ಸಂಧ್ಯಾರಾಗ' ಎಂಡಿಯರ್ಡ್ ಕನ್ನಡ ಟು ಬೀಚಿ. ಕಾದಂಬರಿ ಕನ್ನಡವನ್ನು ಬೀಚಿಗೆ ಪ್ರಿಯವಾಗಿಸಿತು. ಹರಪನಹಳ್ಳಿಯ ಈ ಓದುಗನನ್ನು ಒಲಿಸಿಕೊಳ್ಳಬೇಕು ಎಂದು ಅನಕೃ ಅದನ್ನು ಬರೆದಿರಲಿಲ್ಲ. ಕನ್ನಡವಂತೂ ಇದ್ದಲ್ಲೇ ಇತ್ತು, ಯಾರನ್ನೂ ಕರೆಯಲು ಹೋಗಿರಲಿಲ್ಲ. ಯಾರೂ ಯಾರಿಗೂ ಬೆಣ್ಣೆ ಹಚ್ಚಲಿಲ್ಲ, ಆದರೂ ಒಬ್ಬ ಮನುಷ್ಯನ ಬದುಕು ಬೇರೆ ಕಡೆಗೆ ಹೊರಳಿತು.

ಇಷ್ಟನ್ನು ಹದಿನೈದು ವರ್ಷ ಪಾಠ ಮಾಡಿದ್ದೇನೆ. ನನ್ನ ಮನೆಯಲ್ಲೇ ನಡೆದ ಒಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿರಲಿಲ್ಲ. ಆ ಹುಡುಗಿಯ ಪ್ರಶ್ನೆ ಅದನ್ನು ಎಬ್ಬಿಸಿತು.

ನನ್ನ ತಾಯಿ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ನಾವಿದ್ದದ್ದು ಕೊಟ್ಟೂರಿನಲ್ಲಿ. ಅಪ್ಪನದು ಸಣ್ಣ ಕಿರಾಣಿ ಅಂಗಡಿ. ವರ್ಷ ತುಂಬುವುದರೊಳಗೆ ಹಡಗಲಿ ಕಡೆಯಿಂದ ಚಿಗವ್ವನನ್ನು ಮಾಡಿಕೊಂಡು ಬಂದರು. ಬಂದ ದಿನವೇ ಸೋದರತ್ತೆ ಅವಳಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು: "ಮೊದಲು ಆ ಹುಡುಗಿನ್ನ ಒಲಿಸ್ಕ. ಉಳಿದದ್ದು ತಾನೇ ಸರಿ ಹೋಗ್ತೈತಿ." ಅಂದಿನಿಂದ ನಾನು ಕಾವಲು ಕೂತೆ. ಅವಳು ಏನು ಕೊಟ್ಟರೂ ಅದು ಒಲಿಸಿಕೊಳ್ಳುವುದಕ್ಕೇ ಎಂದು ನನಗೆ ಗೊತ್ತಿತ್ತು. ಅವಳ ಹೆಸರಿನಲ್ಲಿ ಅತ್ತೆ ತಂದುಕೊಟ್ಟ ಗುಲಾಬಿ ಬಣ್ಣದ ಫ್ರಾಕನ್ನು ಬಚ್ಚಲ ಒಲೆಯ ಮುಂದೆ ಬಿಸಾಡಿದೆ. ಚಿಗವ್ವ ಅದನ್ನು ಎತ್ತಿ, ಬೂದಿ ಕೊಡವಿ, ಒಗೆದು, ಪೆಟ್ಟಿಗೆಯಲ್ಲಿಟ್ಟಳು. ಹಾಕಿಕೋ ಎಂದು ಒಮ್ಮೆಯೂ ಹೇಳಲಿಲ್ಲ. ಅದಾದ ಮೇಲೆ ನನಗಾಗಿ ಏನನ್ನೂ ವಿಶೇಷವಾಗಿ ತರಲಿಲ್ಲ. ಎಲ್ಲರಿಗೂ ಮಾಡಿದ್ದನ್ನೇ ನನಗೂ ಬಡಿಸಿದಳು. ಭಾನುವಾರ ತಲೆಗೆ ಎಣ್ಣೆ ಹಚ್ಚಿದಳು, ಸಿಕ್ಕು ಬಿಡಿಸುವಾಗ ನಾನು ಕಿರುಚಿದರೆ, "ಸುಮ್ಮನ ಕುಂದ್ರು ಯವ್ವಾ" ಎಂದಳು.

ಯವ್ವಾ ಎನ್ನುವುದರಲ್ಲಿ ಹೊಸದೇನೂ ಇಲ್ಲ. ನಮ್ಮ ಕಡೆ ಸಣ್ಣ ಹುಡುಗಿಯರನ್ನು ಯವ್ವಾ ಎಂದೂ, ಹುಡುಗರನ್ನು ಯಪ್ಪಾ ಎಂದೂ ಕರೆಯುವುದು ಮುದ್ದಿನ ರೂಢಿ. ಆದರೆ ನಾನು ಅವಳನ್ನು ಅವ್ವ ಎಂದು ಕರೆಯಲಿಲ್ಲ, ಕೊನೆಗೂ ಕರೆಯಲಿಲ್ಲ. ಅವಳು ದಿನಕ್ಕೆ ಹತ್ತು ಸಲ ನನ್ನನ್ನು ಹಾಗೆ ಕರೆದಳು.

ನಮ್ಮ ಅಡುಗೆಮನೆಯ ಸ್ಟೀಲಿನ ಪಾತ್ರೆಗಳ ಮೇಲೆಲ್ಲ ನನ್ನ ತಾಯಿಯ ಹೆಸರಿತ್ತು. ಮದುವೆಯಲ್ಲಿ ಬಂದವು, ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿದವು. ಹಳೆಯ ಪಾತ್ರೆ ಹಾಕಿ ಹೊಸದು ಕೊಡುವವನು ಓಣಿಗೆ ಬಂದಾಗ ಅಕ್ಕಪಕ್ಕದವರು ಚಿಗವ್ವನಿಗೆ, ಅವನ್ನೆಲ್ಲ ಹಾಕಿ ನಿನ್ನ ಹೆಸರಿನವು ತಗೋ ಎಂದು ಹೇಳುತ್ತಿದ್ದರು. ಅವಳು ಹಾಕಲಿಲ್ಲ. ತಿಕ್ಕಿ ತೊಳೆದು ಬೋರಲು ಹಾಕುವಾಗ ಹೆಸರಿರುವ ಮಗ್ಗುಲು ಹೊರಗೆ ಕಾಣುವಂತೆ ಜೋಡಿಸುತ್ತಿದ್ದಳು. ಇದು ನನ್ನ ಕಣ್ಣಿಗೆ ಬಿದ್ದದ್ದು ಹೈಸ್ಕೂಲಿಗೆ ಬಂದ ಮೇಲೆ. ಅಷ್ಟು ವರ್ಷ ದಿನಾ ಅದೇ ಪಾತ್ರೆಗಳಿಂದ ನೀರು ಕುಡಿದಿದ್ದೆ.

ಒಂದು ವರ್ಷ ಕೊಟ್ಟೂರೇಶ್ವರನ ತೇರಿನಲ್ಲಿ ಅವಳು ದೊಡ್ಡದೊಂದು ಡಬರಿ ಕೊಂಡಳು. ಹೆಸರು ಕೊರೆಯುವವನು ಮಷೀನು ಹಿಡಿದು, ಏನು ಹೆಸರು ಎಂದು ಕೇಳಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಚಿಗವ್ವ ಒಂದು ಗಳಿಗೆ ಸುಮ್ಮನಿದ್ದು, "ಹೆಸರು ಬ್ಯಾಡ ಬಿಡಪ್ಪಾ, ಮನಿಗೆ ಇರ್ಲಿ" ಅಂದಳು. ಮಂಡಕ್ಕಿ ಮಿರ್ಚಿ ತಿಂದು, ಡಬರಿಯನ್ನು ಇಬ್ಬರೂ ಒಂದೊಂದು ಕಡೆ ಹಿಡಿದುಕೊಂಡು ಮನೆಗೆ ಬಂದೆವು. ಆ ದಿನದಿಂದ ನನಗೆ ಅವಳು ಬೇಕಾದವಳಾದಳು ಎಂದು ಹೇಳಿದರೆ ಕತೆ ಚೆನ್ನಾಗಿರುತ್ತದೆ. ನಿಜ ಹಾಗಿಲ್ಲ. ಯಾವಾಗ ಆಯಿತೋ ತಿಳಿಯದು. ತೇರಿನ ಆ ಗದ್ದಲದಲ್ಲಿ ಡಬರಿಯ ಇನ್ನೊಂದು ಬದಿಗೆ ಅವಳಿದ್ದಾಳೆ ಎಂಬುದು ನನಗೆ ಹಿತವಾಗಿತ್ತು ಎಂಬುದಷ್ಟೇ ನೆನಪು.

ಪಿಯುಸಿ ಓದುತ್ತಿದ್ದಾಗ ಒಂದು ಸಂಜೆ ಪಡಸಾಲೆಯಲ್ಲಿ ಓದುತ್ತಾ ಕೂತಿದ್ದೆ. ಕಟ್ಟೆಯ ಮೇಲೆ ಎದುರುಮನೆಯಾಕೆ ಚಿಗವ್ವನನ್ನು ಕೇಳುತ್ತಿದ್ದಳು: "ಅಷ್ಟು ಹಟಮಾರಿ ಹುಡುಗಿನ್ನ ಅದೆಂಗ ಒಲಿಸ್ಕಂಡಿ?"

"ನಾನೆಲ್ಲಿ ಒಲಿಸ್ಕಂಡೆ ಬಿಡವ್ವಾ," ಅಂದಳು ಚಿಗವ್ವ. "ಅದೇ ನನ್ನ ಹಚ್ಕಂತು."

ಆಗ ಅದು ಬರೀ ಮಾತಾಗಿ ಕಿವಿಗೆ ಬಿತ್ತು. ಈಗ ಅದರ ವ್ಯಾಕರಣ ಕಾಣುತ್ತದೆ. ನಮ್ಮ ಕಡೆ ಹಚ್ಚು ಎಂಬುದು ದಿನಬಳಕೆಯ ಕ್ರಿಯಾಪದ. ದೀಪ ಹಚ್ಚುತ್ತೇವೆ, ಎಣ್ಣೆ ಹಚ್ಚುತ್ತೇವೆ, ಹೊಲದಲ್ಲಿ ಸಸಿ ಹಚ್ಚುತ್ತೇವೆ. ಬೆಣ್ಣೆ ಹಚ್ಚುವುದೂ ಇದೇ. ಅದಕ್ಕೆ ಕೊಳ್ಳು ಸೇರಿ ಹಚ್ಚಿಕೊಳ್ಳು ಆದರೆ ಅರ್ಥ ಪೂರಾ ತಿರುಗುತ್ತದೆ: ಮಗು ಅಜ್ಜಿಯನ್ನು ಹಚ್ಚಿಕೊಂಡಿದೆ, ಅಂದರೆ ಅಜ್ಜಿಯನ್ನು ಬಿಟ್ಟಿರಲಾರದಷ್ಟು ಅಂಟಿಕೊಂಡಿದೆ. ಇಂಗ್ಲಿಷಿನ ಎಂಡಿಯರ್‌ನಲ್ಲೂ ತನ್ನನ್ನು ತಾನು ಎಂಬುದಿದೆ, ಹಚ್ಚಿಕೊಳ್ಳುವುದರಲ್ಲೂ ಇದೆ. ಆದರೆ ಅಲ್ಲಿ ಅದು ಪ್ರೀತಿ ಪಡೆಯುವವರ ಕಡೆಗಿದೆ, ಇಲ್ಲಿ ಪ್ರೀತಿಸುವವರ ಕಡೆಗೆ. ಇಂಗ್ಲಿಷ್ ವಾಕ್ಯದಲ್ಲಿ ಟು ಆದಮೇಲೆ ಸುಮ್ಮನೆ ಕೂತಿರುತ್ತಾರೆಂದೆನಲ್ಲ, ಅವರೇ ಇಲ್ಲಿ ಎದ್ದು ಬಂದು ವಾಕ್ಯದ ಮೊದಲಿಗೆ ನಿಲ್ಲುತ್ತಾರೆ.

ಏಳೆಂಟು ವರ್ಷ ಒಂದು ಮುಳ್ಳಿನ ಮಗುವಿನ ಜೊತೆ ಬಾಳಿದ ಹೆಂಗಸು, ಗೆದ್ದೆ ಎಂದು ಹೇಳಿಕೊಳ್ಳುವ ಅವಕಾಶ ಬಂದಾಗ, ಆ ಗೆಲುವನ್ನು ನನ್ನ ಹೆಸರಿಗೆ ಬರೆದಿದ್ದಳು. ಡಬರಿಯ ಮೇಲೆ ತನ್ನ ಹೆಸರು ಹಾಕಿಸದ ಹಾಗೆಯೇ. ನಾನೋ, ಹದಿನೈದು ವರ್ಷ, ನೂರಾರು ಮಕ್ಕಳ ಪತ್ರಗಳಲ್ಲಿ ಇದರ ತಿರುವುಮುರುವು ವಾಕ್ಯ ಬರೆದುಕೊಂಡು ಬಂದಿದ್ದೆ. ನಾನು ಆ ಮಕ್ಕಳನ್ನು ಹಚ್ಚಿಕೊಂಡಿದ್ದೆ ಎನ್ನುವುದನ್ನು, ಅವರು ಏನೋ ಮಾಡಿ ಗಳಿಸಿಕೊಂಡರು ಎಂದು ಬರೆಯುತ್ತಿದ್ದೆ. ಅದರಿಂದ ನನ್ನ ಪ್ರೀತಿಯ ಜವಾಬ್ದಾರಿ ಅವರ ಮೇಲೆ ಹೋಗುತ್ತಿತ್ತು, ನನಗೆ ಹಗುರವಾಗುತ್ತಿತ್ತು.

ಮರುದಿನ ಪತ್ರವನ್ನು ತಿದ್ದಿದೆ. ಹರ್‌ಸೆಲ್ಫ್ ತೆಗೆದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಎದ್ದುನಿಂತು ಹೇಳುವ ಅವಳ ಅಭ್ಯಾಸ ಅವಳನ್ನು ನಮಗೆ ಪ್ರಿಯಳನ್ನಾಗಿಸಿದೆ ಎಂದು ಬರೆದೆ. ಅದು ನಿಜವೂ ಆಗಿತ್ತು. ಪಾಠದ ನಡುವೆ ನನ್ನನ್ನು ಎಷ್ಟೋ ಸಲ ನಿಲ್ಲಿಸಿದವಳು ಅವಳು. ಹುಡುಗಿ ಬಂದು ಓದಿದಳು. ಕನ್ನಡದಲ್ಲಿ ಇದೇನಾಯಿತು ಎಂದು ಈ ಸಲ ನಾನೇ ಕೇಳಿದೆ. ಸ್ವಲ್ಪ ಯೋಚಿಸಿ, "ನಾನು ನಿಮಗೆಲ್ಲ ಬೇಕಾದಾಕಿ ಅಂತ," ಅಂದಳು. ಇಷ್ಟು ಸರಳವಾದ ಪದ ಮನೆಯಲ್ಲೇ ಇತ್ತು. ಬೇಕಾದವರು. ನಿಘಂಟು ನೋಡುವಾಗ ನನಗೆ ಹೊಳೆದಿರಲಿಲ್ಲ.

ಆ ಭಾನುವಾರ ಕೊಟ್ಟೂರಿಗೆ ಹೋದೆ. ಅಪ್ಪ ಈಗಿಲ್ಲ. ಚಿಗವ್ವ ನನ್ನ ತಮ್ಮನ ಜೊತೆ ಅದೇ ಮನೆಯಲ್ಲಿದ್ದಾಳೆ, ಮಂಡಿನೋವಿನಿಂದ ಹೆಚ್ಚು ಓಡಾಡುವುದಿಲ್ಲ. ಕಟ್ಟೆಯ ಮೇಲೆ ಕೂತು ಈ ಕತೆಯನ್ನೆಲ್ಲ ಹೇಳಿದೆ. ಇಂಗ್ಲಿಷಿನಲ್ಲಿ ಹಿಂಗೊಂದು ಶಬ್ದ ಇದೆ, ಅದರ ಅರ್ಥ ಹೀಗೆ, ಹುಡುಗಿ ಹಿಂಗಂದಳು, ನೀನು ಆವತ್ತು ಎದುರುಮನೆಯಾಕೆಗೆ ಹಿಂಗಂದಿದ್ದಿ ಎಂದೆಲ್ಲ. ಕೊನೆಯಲ್ಲಿ ಅವ್ವ ಎನ್ನಬೇಕು ಎಂದುಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಚಿಗವ್ವ ಎಂದೇ.

ತಾನು ಹಾಗೆ ಅಂದದ್ದು ಅವಳಿಗೆ ನೆನಪಿರಲಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಸೆರಗಿನಿಂದ ಕನ್ನಡಕ ಒರೆಸಿಕೊಂಡು, "ಅದು ಇರ್ಲಿ ಯವ್ವಾ, ಆ ಹುಡುಗಿಗೆ ಸೀಟು ಸಿಕ್ತೇನು?" ಎಂದು ಕೇಳಿದಳು.

ನಾನು ವಿಚಾರಿಸಿಯೇ ಇರಲಿಲ್ಲ. ಅಲ್ಲೇ ಕೂತು ಫೋನು ಮಾಡಿದೆ. ಪತ್ರ ಕಳಿಸಿಯಾಗಿದೆ, ಪಟ್ಟಿ ಇನ್ನೂ ಬಿಟ್ಟಿಲ್ಲ ಎಂದಳು. ಹಿನ್ನೆಲೆಯಲ್ಲಿ ಕುರಿಗಳ ಸದ್ದು ಕೇಳುತ್ತಿತ್ತು. ಪಟ್ಟಿ ಬಿಟ್ಟ ದಿನ ಹೇಳು ಎಂದೆ. ಪಕ್ಕದಿಂದ ಚಿಗವ್ವ, ನನಗೂ ಹೇಳು ಅನ್ನು ಎಂದಳು. ಅದನ್ನೂ ಹೇಳಿದೆ.